ಪ್ರತಿನಿಧಿ ಶಬ್ದಾರ್ಥವೂ ಕೊಪ್ಪದ ಸೀಮೆಯ ಪ್ರಜಾಪ್ರಾತಿನಿಧ್ಯವೂ

ಮೈಸೂರು ಸಂಸ್ಥಾನದಲ್ಲಿ ೧೮೮೧ರಲ್ಲಿ ಸ್ಥಾಪಿತವಾದ ಸಭೆಗೆ ಕನ್ನಡದಲ್ಲಿ ‘ಪ್ರಜಾಪ್ರತಿನಿಧಿ ಸಭೆ’ ಎಂಬ ಹೆಸರು ರೂಢವಾಯಿತು. ಪ್ರಜಾ ಎಂಬುದೂ ಪ್ರತಿನಿಧಿ ಎಂಬುದೂ ಹಳೆಯ ಶಬ್ದಗಳೇ. ಪ್ರಜೆಗಳ ಪ್ರತಿನಿಧಿಯೆಂದು ಷಷ್ಠೀತತ್ಪುರುಷವಾಗಿ ವಿಗ್ರಹಮಾಡುವುದರಲ್ಲಿಯೂ ವೈಯಾಕರಣರಿಗೆ ಕಷ್ಟವಿಲ್ಲ. ಕಷ್ಟವಿರುವುದು ಅರ್ಥದಲ್ಲಿ. ಪ್ರತಿನಿಧಿಯೆಂದರೆ ಒಂದರ ಬದಲಿಗೆ ನಿಲ್ಲುವುದು. ಆದರೆ ಯಾರ ಕಾರ್ಯದಲ್ಲಿ, ಯಾವುದರ ಸ್ಥಾನದಲ್ಲಿ ನಿಲ್ಲುವುದು? ಮೈಸೂರಿನ ಸಭೆಯ ಅರುವತ್ತೆಂಟು ವರ್ಷಗಳ ಚರಿತ್ರೆಯನ್ನು ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಬೇರೆಬೇರೆ ಉತ್ತರಗಳೆಂದೇ ಓದಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಆ ಉತ್ತರಗಳು ವಿಶೇಷ ಸ್ಪಷ್ಟವಾಗಿ ಕಾಣುತ್ತವೆ.

ಪ್ರತಿನಿಧಿಯ ವಿಚಾರವನ್ನು ಶಾಸ್ತ್ರೀಯವಾಗಿ ನಡೆಸಿದವರು ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಷಯವು ಬಂದಿದೆ. ನಿತ್ಯಕರ್ಮದಲ್ಲಿ ವಿಹಿತವಾದ ದ್ರವ್ಯವು ದೊರೆಯದಿದ್ದರೆ ಕರ್ಮವನ್ನು ಬಿಡಬೇಕಾಗಿಲ್ಲ. ವ್ರೀಹಿಯಿಲ್ಲದಲ್ಲಿ ನೀವಾರವನ್ನು ತರಬಹುದು. ಆದರೆ ಪ್ರತಿನಿಧಿಯಾಗಿ ಬರುವುದು ಮೂಲಕ್ಕೆ ಸದೃಶವಾಗಿರಬೇಕು. ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ. ಸ್ವಾಮಿಗೆ, ಎಂದರೆ ಯಜಮಾನನಿಗೂ ಇಲ್ಲ. ಏಕೆಂದರೆ ಫಲವು ಸೇರುವುದು ಅವನಿಗೆ. ಒಬ್ಬನ ಫಲಕ್ಕಾಗಿ ಮತ್ತೊಬ್ಬನು ಯಜಮಾನನಾಗುವುದೆಂಬುದು ಅರ್ಥಶೂನ್ಯವಾದ ಮಾತು. ಇದಕ್ಕೆ ಅಪವಾದದಂತೆ ತೋರುವುದು ಸತ್ರ. ಅಲ್ಲಿ ಹದಿನೇಳರಿಂದ ಇಪ್ಪತ್ತನಾಲ್ಕು ಮಂದಿ ಸೇರುತ್ತಾರೆ. ಎಲ್ಲರೂ ಯಜಮಾನರೇ, ಅವರೇ ಋತ್ವಿಜರು. ನಡುವೆ ಒಬ್ಬನು ತೀರಿಕೊಂಡರೆ ಬೇರೊಬ್ಬನನ್ನು ತಂದು ಸಂಖ್ಯೆಯನ್ನು ತುಂಬಬಹುದು. ಹಾಗೆ ಬಂದವನು ಸ್ವಾಮಿಯಲ್ಲ, ಕರ್ಮಕರನು ಮಾತ್ರ, ಫಲವು ಅವನಿಗಿಲ್ಲ. ಆದರೂ ಯಜಮಾನನ ವ್ರತನಿಯಮಗಳೆಲ್ಲ ಅವನಿಗೆ ಉಂಟು.

ಈ ವಿವೇಕವನ್ನು ಮನಸ್ಸಿನಲ್ಲಿಟ್ಟು ೧೮೮೧ನ್ನು ನೋಡಬೇಕು. ಐವತ್ತು ವರ್ಷ ಇಂಗ್ಲಿಷರ ಕಮಿಷನರುಗಳ ಕೈಯಲ್ಲಿದ್ದ ರಾಜ್ಯವು ಆ ವರ್ಷದ ಮಾರ್ಚಿ ೨೫ರಂದು ಒಡೆಯರಿಗೆ ಮರಳಿ ಬಂದಿತು. ಬಂದರೂ ಬ್ರಿಟಿಷರ ಪೊಗದಿ ತಪ್ಪಲಿಲ್ಲ. ಅದನ್ನು ೩೫ ಲಕ್ಷ ರೂಪಾಯಿಗೆ ಏರಿಸಬೇಕೆಂದೂ ನಿಶ್ಚಯವಾಯಿತು. ದಿವಾನ್ ರಂಗಾಚಾರ್ಲು ಅವರು ಆಗಸ್ಟಿನಲ್ಲಿ ಆಜ್ಞೆಯನ್ನು ಹೊರಡಿಸಿ, ಅಕ್ಟೋಬರ್ ೭ರಂದು ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಮೊದಲ ಸಭೆಯನ್ನು ಕೂಡಿಸಿದರು. ಸೇರಿದವರು ೧೪೪ ಮಂದಿ. ಹಿಂದಿನ ವರ್ಷದ ಆಡಳಿತದ ವಿವರವನ್ನೂ ಮುಂದಿನ ವರ್ಷದ ಸಂಕಲ್ಪವನ್ನೂ ಇವರ ಮುಂದೆ ಇಟ್ಟು, ಇವರ ಅರಿಕೆಗಳನ್ನು ಕೇಳಿಕೊಳ್ಳುವುದು ಸಭೆಯ ಉದ್ದೇಶ. ದೇಶೀಯ ಸಂಸ್ಥಾನಗಳಲ್ಲಿ ಅಂತಹ ಸಭೆ ಅದೇ ಮೊದಲನೆಯದೆಂಬ ಕೀರ್ತಿ ನ್ಯಾಯವಾದುದೇ.

ಆದರೆ ಆ ೧೪೪ ಮಂದಿಯನ್ನು ಪ್ರಜೆಗಳು ಆರಿಸಲಿಲ್ಲ. ತಾಲ್ಲೂಕುಗಳಿಂದ ತಿಳಿವಳಿಕೆಯೂ ಪ್ರಭಾವವೂ ಉಳ್ಳ ಒಬ್ಬಿಬ್ಬರು ರೈತರನ್ನೂ, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರನ್ನೂ ಸ್ಥಳೀಯ ನಿಧಿಯ ಮಂಡಲಿಗಳು ಗೊತ್ತುಮಾಡಿದವು. ಕಡೂರು ಜಿಲ್ಲೆಗೆ ಸೇರಿದ ಕೊಪ್ಪದಂತಹ ತಾಲ್ಲೂಕಿನಲ್ಲಿ ಇದರ ಅರ್ಥವೇನೆಂದು ಊಹಿಸುವುದು ಕಷ್ಟವಲ್ಲ. ಮಲೆನಾಡಿನಲ್ಲಿ ಬಯಲುಸೀಮೆಯಂತೆ ಒತ್ತಾದ ಊರುಗಳಿಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ. ಪ್ರಭಾವವುಳ್ಳವನೆಂದರೆ ಅಡಕೆಯ ತೋಟವೂ ಗದ್ದೆಯೂ ಉಳ್ಳ ದೊಡ್ಡ ಮನೆಯ ಯಜಮಾನನು. ಆಗ ಈ ಭಾಗಕ್ಕೆ ರೈಲೂ ಇರಲಿಲ್ಲ. ಮಳೆ ಹಿಂದೆಗೆಯುತ್ತಿರುವಾಗ, ಅಡಕೆಯ ಕೊಯಿಲು ಎದುರಿಗಿರುವಾಗ, ಮನೆಯನ್ನು ಬಿಟ್ಟು ಮೈಸೂರಿಗೆ ಹೋಗಿ ಬರಬಲ್ಲವನು ಮನೆಯಲ್ಲಿ ಆಳುಕಾಳುಗಳಿದ್ದವನೇ. ಗೇಣಿಯ ಒಕ್ಕಲಿಗೆ ಅದು ಸಾಧ್ಯವಾಗಿರಲಿಲ್ಲ.

ಇಲ್ಲಿ ಮೀಮಾಂಸಕನು ಕೇಳುವ ಪ್ರಶ್ನೆ: ಈ ಯಜ್ಞದಲ್ಲಿ ಸ್ವಾಮಿ ಯಾರು? ಸಂಕಲ್ಪ ದಿವಾನರದು, ಅಂಗೀಕಾರ, ತಿರಸ್ಕಾರಗಳೂ ಸರ್ಕಾರದವು, ಸಭೆಗೆ ಮತ ಕೊಟ್ಟು ನಿರ್ಣಯಿಸುವ ಅಧಿಕಾರವಿರಲಿಲ್ಲ. ಆದುದರಿಂದ ಆಗಿನ ಪ್ರತಿನಿಧಿಯು ದ್ರವ್ಯಪ್ರತಿನಿಧಿಯೇ ಹೊರತು ಬೇರಲ್ಲ. ರಾಜ್ಯದ ರೈತರೆಲ್ಲರನ್ನೂ ಒಂದೆಡೆ ಸೇರಿಸುವುದು ಅಶಕ್ಯವಾದುದರಿಂದ ಅವರ ಬದಲಿಗೆ ಸದೃಶರಾದ ಕೆಲವರು, ವ್ರೀಹಿಯ ಬದಲಿಗೆ ನೀವಾರದಂತೆ. ಇದನ್ನು ದೋಷವೆಂದು ಹೇಳುವುದಕ್ಕಿಂತ, ಆರಂಭವು ಅಷ್ಟರಮಟ್ಟಿನದೆಂದು ಹೇಳುವುದು ಯುಕ್ತ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಚುನಾವಣೆಯು ಬಂದಿತು. ಗೊತ್ತಾದ ಮೊತ್ತದ ಕಂದಾಯವನ್ನೋ ಮೊಹತರ್ಫವನ್ನೋ ಕೊಡುವವರು, ಇನಾಂ ಗ್ರಾಮಗಳ ಒಡೆಯರು, ವಿಶ್ವವಿದ್ಯಾಲಯದ ಪದವೀಧರರು, ಇವರಿಗೆ ಅಧಿಕಾರವು ದೊರೆಯಿತು. ವಿದ್ಯೆಗೆ ಮತವೆಂಬುದು ಶ್ಲಾಘ್ಯವಾದ ಭಾವನೆ. ಆದರೆ ತರ್ಕವೇದಾಂತಗಳಲ್ಲಿ ಪಾರಂಗತನಾದರೂ ಶೃಂಗೇರಿಯ ವಿದ್ವಾಂಸನ ವಿದ್ಯೆಯು ಆ ಲೆಕ್ಕಕ್ಕೆ ಬರಲಿಲ್ಲ!

ಶೃಂಗೇರಿಯ ಸ್ಥಿತಿಯು ಇನ್ನೊಂದು ರೀತಿಯಲ್ಲಿಯೂ ವಿಲಕ್ಷಣವಾಗಿದ್ದಿತು. ವಿಜಯನಗರದ ಹರಿಹರನೂ ಅವನ ತಮ್ಮಂದಿರೂ ೧೩೪೬ರಲ್ಲಿ ಕೊಟ್ಟ ದತ್ತಿಯಿಂದ ಮೊದಲಾಗಿ ಮಠಕ್ಕೆ ಸೇರಿದ ಗ್ರಾಮಗಳು ಜಹಗೀರಾಗಿದ್ದವು. ಸರ್ಕಾರಿ ನೆಲದ ರೈತನು ಸರ್ಕಾರಕ್ಕೆ ಕಂದಾಯವನ್ನು ತೆರುತ್ತಿದ್ದನು. ಜಹಗೀರಿನ ಒಕ್ಕಲಿನ ಹುಟ್ಟುವಳಿಯ ಪಾಲು ಮಠಕ್ಕೆ ಸಲ್ಲುತ್ತಿದ್ದಿತು. ಅದು ಪೂಜೆಗೂ ಪಾಠಕ್ಕೂ ಅನ್ನದಾನಕ್ಕೂ ಸಂದುದೆಂಬುದು ಬೇರೆ ಮಾತು. ಕಂದಾಯವೇ ಮತಾಧಿಕಾರಕ್ಕೆ ಕಾರಣವಾದಲ್ಲಿ, ಒಂದೇ ತುಂಗೆಯ ನೀರಿನಿಂದ ಬೆಳೆಯುವ ಇಬ್ಬರು ಒಕ್ಕಲುಗಳ ಯೋಗ್ಯತೆಯನ್ನು ಒಂದೇ ಮಾನದಿಂದ ಅಳೆಯುವುದು ಸಾಧ್ಯವಾಗದು. ನೆಲದ ಮೇಲಿನ ಸ್ವಾಮ್ಯವನ್ನು ರಾಜ್ಯದಲ್ಲಿನ ಸ್ವಾಮ್ಯಕ್ಕೆ ಗಂಟುಹಾಕಿದುದರ ಫಲವಿದು. ಎಡೆಹಳ್ಳಿಯಾದರೋ ೧೯ನೆಯ ಶತಮಾನದ ಕೊನೆಗೆ ಕೊಪ್ಪಕ್ಕೆ ಸೇರಿದ ಉಪತಾಲ್ಲೂಕಾಗಿದ್ದು, ೧೯೧೫ರಲ್ಲಿ ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾಯಿತು.

೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸೇರಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ಮೇಲೆ ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಶಾಸನಸಿದ್ಧವಾಯಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಮಸೂದೆಗಳ ಮೂಲತತ್ತ್ವಗಳ ವಿಷಯದಲ್ಲಿಯೂ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಸ್ತ್ರೀಯೆಂಬ ಕಾರಣದಿಂದ ಮತವಿಲ್ಲವೆಂಬ ನಿಯಮವೂ ಹೋಯಿತು. ಆದರೆ ಆಸ್ತಿಯ ನಿಯಮವು ಉಳಿದುದರಿಂದ ಮಲೆನಾಡಿನ ಎಷ್ಟು ಮಂದಿ ಹೆಂಗಸರಿಗೆ ಇದರಿಂದ ಪ್ರಯೋಜನವಾದೀತು? ದಿವಾನರು ಸಭೆಗೆ ಹೊಣೆಗಾರರಾಗಲಿಲ್ಲ. ಅವರು ಮಹಾರಾಜರಿಗೆ ಅಧೀನರು. ಮಹಾರಾಜರ ಮೇಲೆ ಬ್ರಿಟಿಷ್ ಸರ್ಕಾರ. ಸ್ವಾಮಿಯು ಬದಲಾಗಲಿಲ್ಲ.

ಬದಲಾದುದು ೧೯೪೭ರಲ್ಲಿ. ಸೆಪ್ಟೆಂಬರಿನ ಚಳವಳಿಯ ತರುವಾಯ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರವು ಬಂದಿತು. ೧೯೪೯ರಲ್ಲಿ ಹಳೆಯ ಸಭೆಯು ಮುಗಿಯಿತು. ೧೯೫೨ರ ಚುನಾವಣೆಯಲ್ಲಿ ೨೧ ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತವಿದ್ದಿತು. ಕಂದಾಯವನ್ನೂ ಪದವಿಯನ್ನೂ ಯಾರೂ ಕೇಳಲಿಲ್ಲ. ಮತವನ್ನು ಕೊಡುವುದಕ್ಕೆ ಮಾತ್ರ ಸಾಮಾನ್ಯ ಮತದಾರನು ಪ್ರತಿನಿಧಿಯನ್ನು ಕಳುಹಿಸುವಂತಿಲ್ಲ, ತಾನೇ ಹೋಗಬೇಕು. ಸ್ವಾಮಿಗೆ ಪ್ರತಿನಿಧಿಯಿಲ್ಲವೆಂಬ ನ್ಯಾಯವು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆರಿಸಲ್ಪಟ್ಟು ಶಾಸನಸಭೆಯಲ್ಲಿ ಕುಳಿತವನೋ, ಸತ್ರದಲ್ಲಿ ತಂದುಕೊಂಡ ಪುರುಷನು. ಪ್ರಮಾಣವಚನವೆಂಬ ದೀಕ್ಷೆಯೂ ನಿಯಮಗಳೂ ಅವನಿಗೆ, ಫಲವು ಕಳುಹಿಸಿದವರಿಗೆ.

ಸಾದೃಶ್ಯದ ವಿಚಾರವು ಒಮ್ಮೆ ವಿಚಿತ್ರವಾಗಿ ಬಂದಿತು. ೧೯೭೮ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾಕ್ಷೇತ್ರದ ಉಪಚುನಾವಣೆಯಲ್ಲಿ ಈ ಸೀಮೆಯವರು ಇಂದಿರಾ ಗಾಂಧಿಯವರಿಗೂ ವೀರೇಂದ್ರ ಪಾಟೀಲರಿಗೂ ಮತಗಳನ್ನು ಹಂಚಿದರು; ಗೆದ್ದವರು ಇಂದಿರಾ ಗಾಂಧಿಯವರು. ಇಬ್ಬರೂ ಮಲೆನಾಡಿನವರಲ್ಲ. ಡಿಸೆಂಬರಿನಲ್ಲಿ ಲೋಕಸಭೆಯು ಅವರನ್ನು ಹೊರಹಾಕಿತು. ಸದೃಶವಾದುದನ್ನೇ ತರಬೇಕೆಂಬ ನಿಯಮವು ದ್ರವ್ಯಕ್ಕೆ. ಸ್ವಾಮಿಯು ತಾನೇ ಆರಿಸಿದ ಕರ್ಮಕರನ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪಂಡಿತರು ವಿಚಾರಿಸಬೇಕು.

ನೆಲದ ಗಂಟು ಬಿಚ್ಚುವುದಕ್ಕೆ ಮತದ ಗಂಟಿಗಿಂತ ಹೆಚ್ಚು ಕಾಲ ಹಿಡಿಯಿತು. ಧಾರ್ಮಿಕ ಇನಾಮುಗಳ ರದ್ದಿಯಾತಿಯ ಶಾಸನವು ೧೯೫೫ರಲ್ಲಿ ಆಯಿತು. ಗೇಣಿಯ ಒಕ್ಕಲು ತಾನು ಉಳುವ ನೆಲಕ್ಕೆ ಒಡೆಯನಾಗುವ ಮಾರ್ಗವು ಪೂರ್ಣವಾಗಿ ತೆರೆದುದು ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ. ಮತ ಹಾಕಲು ಗೇಣಿದಾರನು ೧೯೫೨ರಲ್ಲಿ ದೊಡ್ಡ ಮನೆಯ ಅಂಗಳವನ್ನು ದಾಟಿ ಹೋಗಿದ್ದನು. ಇಪ್ಪತ್ತೆರಡು ವರ್ಷಗಳಾದ ಮೇಲೆ ಅರ್ಜಿಯನ್ನು ಕೈಯಲ್ಲಿ ಹಿಡಿದು ಭೂನ್ಯಾಯಮಂಡಲಿಗೆ ಹೋದನು. ಆ ಮಂಡಲಿಯ ಮುಂದೆ ಒಡೆಯನೂ ಒಕ್ಕಲೂ ಇಬ್ಬರೂ ತಾವುತಾವೇ ನಿಲ್ಲಬೇಕಾಯಿತು.