ನೆರಳು ಕುಗ್ಗಿದಾಗ ನೆರಳಿಗೆ ಬನ್ನಿ

ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿದ್ದೊಡನೆ ಮಕ್ಕಳಿಗೆ ಬಯಲೇ ಮನೆ. ಬೆಳಿಗ್ಗೆ ಬ್ಯಾಟು ಹಿಡಿದು ಹೊರಟ ಹುಡುಗ ಊಟಕ್ಕೆ ಕರೆದರೂ ಬರುವುದಿಲ್ಲ. ಅಜ್ಜಿಯ ಊರಿಗೆ ಹೋದ ಹುಡುಗಿ ಮಾವಿನ ತೋಪು, ಕೆರೆ ಏರಿ ಸುತ್ತಿ ಬರುವಷ್ಟರಲ್ಲಿ ಮುಖ ಬಾಡಿರುತ್ತದೆ. ಆಗ ಮನೆಯಲ್ಲಿ ಕೇಳಿಬರುವ ಮೊದಲ ಮಾತು: 'ಅಯ್ಯೋ, ಎಷ್ಟು ಕಪ್ಪಾಗಿಬಿಟ್ಟೆಯಲ್ಲೇ!' ಹುಡುಗನಿಗೆ ಈ ಮಾತು ಅಪರೂಪ, ಹುಡುಗಿಗೆ ತಪ್ಪಿದ್ದಲ್ಲ.

ಕಪ್ಪು ಬಣ್ಣ ರೋಗವಲ್ಲ. ಬಿಸಿಲು ತಾಕಿದಾಗ ಚರ್ಮ ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಾಗಿ ತಯಾರಿಸುತ್ತದೆ. ಅದು ಚರ್ಮ ತನಗೆ ತಾನೇ ಹಿಡಿದುಕೊಳ್ಳುವ ಕೊಡೆ. ಆದರೆ ಚರ್ಮ ಕೊಡೆ ಬಿಚ್ಚಿತೆಂದರೆ ಅದಕ್ಕೆ ಪೆಟ್ಟು ಬೀಳುತ್ತಿದೆ ಎಂದೇ ಅರ್ಥ. ಯೋಚಿಸಬೇಕಾದದ್ದು ಬಣ್ಣದ ಬಗ್ಗೆ ಅಲ್ಲ, ಈ ಪೆಟ್ಟಿನ ಬಗ್ಗೆ.

ಪೆಟ್ಟು ಕೊಡುವುದು ಸೂರ್ಯನ ಅತಿನೇರಳೆ ಕಿರಣಗಳು. ಇವುಗಳಲ್ಲಿ 'ಬಿ' ಬಗೆಯವು ಚರ್ಮದ ಮೇಲ್ಪದರವನ್ನು ಸುಡುತ್ತವೆ. ಉರಿ, ಕೆಂಪು, ಸಿಪ್ಪೆ ಏಳುವುದು ಇವುಗಳ ಕೆಲಸ. 'ಎ' ಬಗೆಯವು ಇನ್ನೂ ಒಳಕ್ಕೆ ಇಳಿಯುತ್ತವೆ. ಕಿಟಕಿಯ ಗಾಜನ್ನೂ ದಾಟುತ್ತವೆ. ಬಾಲ್ಯದಿಂದ ಕೂಡುತ್ತ ಬಂದ ಈ ಹಾನಿ ಮುಂದೆ ಸುಕ್ಕು, ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಚರ್ಮದ ಕ್ಯಾನ್ಸರ್ ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಡಿಮೆಯಾದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಬಿಸಿಲು ಯಾವಾಗ ಹೆಚ್ಚು ಅಪಾಯಕಾರಿ? ಇದನ್ನು ತಿಳಿಯಲು ಗಡಿಯಾರವೂ ಬೇಡ, ಸ್ವಂತ ನೆರಳು ಸಾಕು. ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಪ್ರಬಲವಾಗಿವೆ ಎಂದು ತಿಳಿಯಬೇಕು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲೂ ಮೇ 9ರ ಸುಮಾರಿಗೆ ಕಲಬುರಗಿಯಲ್ಲೂ ಸೂರ್ಯ ನಡುಹಗಲಿಗೆ ನೆತ್ತಿಯ ನೇರಕ್ಕೆ ಬಂದು, ನೆಟ್ಟ ಕೋಲಿನ ನೆರಳೇ ಮಾಯವಾಗುತ್ತದೆ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ನೆರಳು ಗಿಡ್ಡವೇ. ಆಟ ಅದಕ್ಕೆ ಮುಂಚೆ ಅಥವಾ ಆಮೇಲೆ ಇರಲಿ. ಮಧ್ಯಾಹ್ನ ಚೌಕಾಬಾರ, ಅಳಗುಳಿಮಣೆ, ಪುಸ್ತಕಗಳಿಗೆ ಮೀಸಲಾಗಲಿ.

ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಹತ್ತಿ ಬಟ್ಟೆ, ಕೊಡೆ ಅಥವಾ ಅಗಲ ಅಂಚಿನ ಟೋಪಿ ಇರಲಿ. ಕ್ರಿಕೆಟ್ ಟೋಪಿ ಕಿವಿ, ಕುತ್ತಿಗೆಗಳನ್ನು ಕಾಯುವುದಿಲ್ಲ. ಬಟ್ಟೆ ಮುಚ್ಚದ ಭಾಗಕ್ಕೆ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಹಚ್ಚಬಹುದು. ಸರಿಯಾಗಿ ಹಚ್ಚಿದರೆ ಇದು 'ಬಿ' ಕಿರಣಗಳಲ್ಲಿ ಶೇ 97ರಷ್ಟನ್ನು ತಡೆಯುತ್ತದೆ. 'ಎ' ಕಿರಣಗಳನ್ನೂ ತಡೆಯುತ್ತದೆಯೇ ಎಂಬುದನ್ನು ಟ್ಯೂಬಿನ ಮೇಲೆ ನೋಡಿಕೊಳ್ಳಿ. ಹೊರಡುವ ಇಪ್ಪತ್ತು ನಿಮಿಷ ಮೊದಲು ಧಾರಾಳವಾಗಿ ಹಚ್ಚಬೇಕು. ಬೆವರುವ ಮಕ್ಕಳಿಗೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ರಕ್ಷಣೆ.

ಚರ್ಮ ಉರಿಯುತ್ತಿದ್ದರೆ ತಣ್ಣೀರಿನ ಬಟ್ಟೆ ಹಾಕಿ, ಮಂಜುಗಡ್ಡೆ ಉಜ್ಜಬೇಡಿ. ದೊಡ್ಡ ಬೊಬ್ಬೆ ಎದ್ದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯುವುದುಂಟು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು, ಗೆಳತಿಯರ ಮಾತು ಕೇಳಿ ಔಷಧಿ ಅಂಗಡಿಯಿಂದ ತರುವ 'ಬೆಳ್ಳಗಾಗುವ' ಕ್ರೀಮಿನ ಬಗ್ಗೆ. ಇಂಥ ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ದಿನ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ, ಬೇಡದ ಕೂದಲು ಬರುತ್ತವೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಔಷಧಿಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ಹುಡುಗಿಯರನ್ನು ಆ ಟ್ಯೂಬಿನತ್ತ ತಳ್ಳುವುದು ಬಿಸಿಲಿಗಿಂತ ಹೆಚ್ಚಾಗಿ ಮನೆಯವರ ಆ ಮೊದಲ ಮಾತು. ಈ ರಜೆಯಲ್ಲಿ ಮಗಳು ಬಿಸಿಲಿನಿಂದ ಒಳಗೆ ಬಂದಾಗ ಒಂದು ಲೋಟ ಮಜ್ಜಿಗೆ ಕೊಟ್ಟು, ಯಾವ ಆಟವಾಡಿದೆ ಎಂದು ಕೇಳಿ. ಬಣ್ಣದ ಮಾತು ಬೇಡ.