ಬೆಡಗು ಬೇರೆ, ರಕ್ತ ಒಂದೇ

ಕಾರ್ಕಳದ ಮದುವೆಮನೆಯೊಂದರಲ್ಲಿ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: “ಮೊಮ್ಮಗಳನ್ನು ನನ್ನ ಕಿರಿಯ ಮಗನಿಗೇ ತಂದುಕೊಳ್ಳಬೇಕೆಂದಿದ್ದೇವೆ. ಹುಡುಗಿ ಒಲ್ಲೆ ಎನ್ನುತ್ತಾಳೆ. ಸೋದರ ಸಂಬಂಧದಲ್ಲೇ ಮದುವೆಯಾದ ಚಿಕ್ಕಮ್ಮನ ಮಗುವಿಗೆ ಕಿವಿ ಕೇಳಿಸದಿರುವುದನ್ನು ತೋರಿಸುತ್ತಾಳೆ. ಬೆಡಗು ಬೇರೆ ಇದೆಯಲ್ಲ, ಅಡ್ಡಿಯೇನು?”

ಅಡ್ಡಿ ಏನೆಂಬುದನ್ನು ವಿಚಾರಿಸೋಣ. ನಮ್ಮ ಬಹುತೇಕ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿರುವ ವಂಶವಾಹಿಗಳ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಒಂದರಲ್ಲಿ ದೋಷವಿದ್ದರೂ ಮತ್ತೊಂದು ಸರಿಯಿದ್ದರೆ ಅನೇಕ ರೋಗಗಳು ತಲೆದೋರುವುದಿಲ್ಲ. ಅಂಥವರು ಕೇವಲ ವಾಹಕರು. ಇಂಥ ಕೆಲವು ದೋಷಗಳನ್ನು ನಾವೆಲ್ಲರೂ ಅರಿಯದೆಯೇ ಹೊತ್ತಿರುತ್ತೇವೆ. ಒಂದೇ ದೋಷದ ವಾಹಕರಿಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವವುಂಟು. ಥಲಸ್ಸೀಮಿಯಾ ಹಾಗೂ ಹುಟ್ಟುಕಿವುಡಿನ ಹಲವು ಬಗೆಗಳು ಹೀಗೆ ಬರುತ್ತವೆ.

ಸೋದರಮಾವ ಮತ್ತು ಸೋದರಸೊಸೆಯ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು, ಸೋದರತ್ತೆ-ಸೋದರಮಾವನ ಮಕ್ಕಳಲ್ಲಿ ಎಂಟನೆಯ ಒಂದು ಪಾಲು ಸಮಾನವಾಗಿರುತ್ತದೆ. ಬೆಡಗಿನ ಎಣಿಕೆ ತಂದೆಯ ಕಡೆಯದು. ಕಾರ್ಕಳದ ನಮ್ಮ ನೆರೆಹೊರೆಯ ಅಳಿಯಸಂತಾನದ ಮನೆಗಳ ‘ಬಳಿ’ ತಾಯಿಯ ಕಡೆಯದು. ಆದುದರಿಂದ ಅಲ್ಲಿ ಮಾವ-ಸೊಸೆ ಒಂದೇ ಬಳಿಯವರಾಗಿ ಅವರ ವಿವಾಹ ನಿಷಿದ್ಧ. ನಮ್ಮಲ್ಲಿ ಬೆಡಗು ಬೇರೆಯಾಗಿ ಸಮ್ಮತ. ಎರಡು ಪದ್ಧತಿಗಳೂ ಒಂದೊಂದು ಕವಲನ್ನಷ್ಟೇ ನೋಡುತ್ತವೆ. ವಂಶವಾಹಿಗಳಾದರೋ ಎರಡೂ ಕವಲುಗಳಿಂದ ಇಳಿದುಬರುತ್ತವೆ.

1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗ ವಿವಾಹಗಳು ರಕ್ತಸಂಬಂಧದಲ್ಲಿ ಆದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ನಮ್ಮ ರಾಜ್ಯದ ಪ್ರಮಾಣ ಶೇಕಡಾ 25ನ್ನು ಮೀರಿದೆ. ಹಾಗೆಂದು ದಿಗಿಲು ಬೇಡ. ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು-ಮೂರಕ್ಕೆ ಗಂಭೀರ ಹುಟ್ಟುದೋಷವಿದ್ದರೆ, ಸೋದರತ್ತೆ-ಸೋದರಮಾವನ ಮಕ್ಕಳ ವಿವಾಹದಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಮಾವ-ಸೊಸೆಯರಲ್ಲಿ ಸಂಬಂಧ ಇನ್ನೂ ಹತ್ತಿರದ್ದಾದ ಕಾರಣ ಅಪಾಯವೂ ಹೆಚ್ಚು. ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಂತರೇ.

ಎಲ್ಲಕ್ಕೂ ರಕ್ತಸಂಬಂಧವೇ ಕಾರಣವೆಂಬುದೂ ಸರಿಯಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ-ಮೊಣಕಾಲುಗಳ ಕೀಲುಗಳನ್ನು ಕೆಡಿಸುವ ಕಾಯಿಲೆಗೆ ಒಂದೇ ದೋಷಪ್ರತಿ ಸಾಕೆಂದು ಸಂಶೋಧಕರು ಗುರುತಿಸಿದ್ದಾರೆ. ಅಂಥ ರೋಗದಲ್ಲಿ ರೋಗಿಯ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವವಿರುತ್ತದೆ. ಡೌನ್ ಸಿಂಡ್ರೋಮ್ ಬಹುಮಟ್ಟಿಗೆ ವಂಶದಿಂದ ಬಾರದೆ ಹೊಸದಾಗಿಯೇ ಉಂಟಾಗುತ್ತದೆ. ಆದುದರಿಂದ ಇದನ್ನು ಶಾಪವೆನ್ನುವುದಾಗಲಿ, ಹೆತ್ತ ತಾಯಿಯನ್ನು ದೂಷಿಸುವುದಾಗಲಿ ಅನ್ಯಾಯ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರ ವಿಭಾಗವಿದೆ. ಮನೆಯಲ್ಲಿ ರೋಗದ ಸುಳಿವಿದ್ದರೆ ವೀಳ್ಯಶಾಸ್ತ್ರಕ್ಕೆ ಮುನ್ನವೇ ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ತಜ್ಞರನ್ನು ಕಾಣುವುದು ಶ್ರೇಯಸ್ಕರ.

ಇಷ್ಟನ್ನೂ ಕೇಳಿದ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಹುಡುಗಿ ಹೇಳಿದ್ದನ್ನು ನಾವು ಹಟವೆಂದು ತಿಳಿದಿದ್ದೆವು” ಎಂದರು. ಮನೆಯ ಹೆಣ್ಣುಮಗಳ ಮಾತಿಗೆ ಮೊದಲು ಕಿವಿಗೊಡೋಣ. ಬೆಡಗನ್ನು ಆಮೇಲೆ ವಿಚಾರಿಸೋಣ.