ಪಿಸ್ತೂಲು ಮಾರಿದವರು ಯಾರು?

ಕೃಷ್ಣೆಯ ದಂಡೆಯ ಯಡೂರು ಗ್ರಾಮಕ್ಕೆ ಒಂದು ಕಡೆ ಕೊಲ್ಹಾಪುರ, ಇನ್ನೊಂದು ಕಡೆ ಧಾರವಾಡ. 2015ರಲ್ಲಿ ಎರಡೂ ಕಡೆ ಗುಂಡು ಹಾರಿತು: ಫೆಬ್ರುವರಿಯಲ್ಲಿ ವಿಚಾರವಾದಿ ಗೋವಿಂದ ಪಾನ್ಸರೆ, ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿ ಬಲಿಯಾದರು. 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಟಿವಿ ಚರ್ಚೆಗಳು ಎಡವೋ ಬಲವೋ ಎಂದು ಕಾದಾಡಿದಷ್ಟು, ಪಿಸ್ತೂಲು ಬಂದ ದಾರಿಯನ್ನು ಹುಡುಕಲಿಲ್ಲ. ಒಂದು ಪಕ್ಷದ ಪರ ಕೂಗುವುದಷ್ಟೇ ಪಕ್ಷಪಾತವಲ್ಲ, ಕೇಳಬೇಕಾದ್ದನ್ನು ಕೇಳದೆ ಬಿಡುವುದೂ ಅದೇ. ಕಾನೂನಿನ ದಾರಿ ಸ್ಪಷ್ಟ: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಬಂದೂಕು ಕೊಳ್ಳುವಂತಿಲ್ಲ; 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಎಂದಿತು. ಹಾಗೆ ಪರವಾನಗಿ ನೋಡಿ ಮಾರುವ ಅಂಗಡಿ, ಅದರ ರಿಜಿಸ್ಟರು ಕಣ್ಣಿಗೆ ಕಾಣುತ್ತವೆ. ಕಳ್ಳಮಾರಾಟ ಮಾತ್ರ ಕ್ಯಾಮೆರಾಕ್ಕೆ ಸಿಗದು ಎನ್ನಬಹುದು ಸಂಪಾದಕರು. ಒಪ್ಪೋಣ. ಆದರೆ ಕಲಬುರ್ಗಿ, ಗೌರಿ ಇಬ್ಬರ ಹತ್ಯೆಗೂ ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಬಳಕೆಯಾಗಿದೆ ಎಂಬ ವಿಧಿವಿಜ್ಞಾನ ವರದಿಯನ್ನು ಓದಲು ಕ್ಯಾಮೆರಾ ಏಕೆ ಬೇಕು?